ಅಳುವ ಮುಖಕ್ಕೆ ಗುರುತು ಹಾಕಿದ ಹುಡುಗಿಯ ಪುಸ್ತಕ

ಶಾಲಾ ಗ್ರಂಥಾಲಯಗಳ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಈ ಪತ್ರದ ಜೊತೆಗೆ ಒಂದು ಪ್ರಶಸ್ತಿ ಪತ್ರವನ್ನು ವಾಪಸ್ ಕಳಿಸುತ್ತಿದ್ದೇನೆ. ಹೋದ ತಿಂಗಳು ನೀವೇ ನಿಮ್ಮ ಕೈಯಾರೆ ನನ್ನ ಮಗಳಿಗೆ ಕೊಟ್ಟದ್ದು. ‘ಅತಿ ಹೆಚ್ಚು ಪುಸ್ತಕಗಳನ್ನು ಅತಿ ಹೆಚ್ಚು ಆನಂದದಿಂದ ಓದಿದ ಮಗು’ ಎಂದು ಅದರ ಮೇಲೆ ಬಂಗಾರದ ಬಣ್ಣದ ಅಕ್ಷರಗಳಲ್ಲಿ ಬರೆದಿದೆ. ಕಾಗದ ಚೆನ್ನಾಗಿದೆ, ದಪ್ಪಗಿದೆ. ತೊಂದರೆ ಒಂದೇ. ನನ್ನ ಮಗಳು ನಾಲ್ಕು ತಿಂಗಳಿಂದ ಒಂದು ಪುಸ್ತಕವನ್ನೂ ಓದಿಲ್ಲ. ಮೊದಲು ಓದುತ್ತಿದ್ದಳು. ಖುಷಿಗಾಗಿ, ಯಾರೂ ಹೇಳದೆ, ಓದುತ್ತಿದ್ದಳು. ಅದನ್ನು ನಿಲ್ಲಿಸಿದ್ದು ಮಕ್ಕಳು ಖುಷಿಗಾಗಿ ಓದಲಿ ಎಂದು ನೀವು ತಂದ ಯೋಜನೆ. ಅದಕ್ಕೆ ಕೈ ಜೋಡಿಸಿದವಳು ನಾನು. ಆ ಎರಡನೆಯ ಮಾತನ್ನೂ ಮುಚ್ಚಿಡದೆ ಬರೆಯುತ್ತೇನೆ.

ನನಗೆ ಬಹಿರಂಗವಾಗಿ ಏನನ್ನೂ ಮಾಡಿ ಅಭ್ಯಾಸವಿಲ್ಲ. ಬಸ್ಸಿನಲ್ಲಿ ನನ್ನ ನಿಲ್ದಾಣ ಬಂದರೂ ‘ಇಳಿಯಬೇಕು’ ಎಂದು ಕೂಗಲು ನಾಚಿಕೊಂಡು, ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ನಡೆದು ಬರುವವಳು ನಾನು. ಮೊದಲು ನಿಮ್ಮ ಕಚೇರಿಗೇ ಮೂರು ಅರ್ಜಿ ಕೊಟ್ಟೆ. ಮೊದಲನೆಯದಕ್ಕೆ ಮುದ್ರೆ ಬಿತ್ತು. ಎರಡನೆಯದಕ್ಕೆ ಮುದ್ರೆಯ ಜೊತೆ ನಂಬರೂ ಬಿತ್ತು. ಮೂರನೆಯದು ‘ನಿಗದಿತ ನಮೂನೆಯಲ್ಲಿಲ್ಲ’ ಎಂಬ ಚೀಟಿ ಅಂಟಿಸಿಕೊಂಡು ಮನೆಗೆ ವಾಪಸ್ ಬಂತು. ಮಗಳ ಸಂಕಟ ಹೇಳಿಕೊಳ್ಳಲು ನಿಗದಿತ ನಮೂನೆ ಯಾವುದು ಎಂಬುದು ಆ ಚೀಟಿಯಲ್ಲಿ ಇರಲಿಲ್ಲ. ಆದ್ದರಿಂದ ಈ ಸಲ ಪತ್ರಿಕೆಯವರ ಕೈಯಲ್ಲಿ ಕೊಡುತ್ತಿದ್ದೇನೆ. ಎಲ್ಲೋ ಇರಬೇಕಾದ ಮಾತು ಇನ್ನೆಲ್ಲೋ ಬಂದಿದ್ದರೆ ಕ್ಷಮಿಸಿ. ಆರನೇ ತರಗತಿಯ ನಡುವೆ ನಾನು ಶಾಲೆ ಬಿಟ್ಟೆ. ಅಮ್ಮ ಹಾಸಿಗೆ ಹಿಡಿದಿದ್ದಳು, ಕೆಳಗೆ ಮೂರು ಜನ ಚಿಕ್ಕವರಿದ್ದರು. ಎರಡು ವರ್ಷದ ಮೇಲೆ ಮತ್ತೆ ಸೇರಿದೆ. ಬೆಂಚಿನಲ್ಲಿ ಎಲ್ಲರಿಗಿಂತ ಒಂದು ಗೇಣು ಎತ್ತರ ಕಾಣುತ್ತಿದ್ದೆ. ಮೂರು ತಿಂಗಳಿಗೆ ಮತ್ತೆ ಬಿಟ್ಟೆ. ಆಮೇಲೆ ಓದಿದ್ದೆಲ್ಲ ಔಷಧಿ ಚೀಟಿ, ಬಸ್ಸಿನ ಬೋರ್ಡು, ಬಟ್ಟೆಗೆ ಹೊಲಿದ ವಾರ್ಡಿನ ನಂಬರು.

ನಾನು ಆಸ್ಪತ್ರೆಯ ಬಟ್ಟೆ ತೊಳೆಯುವ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ತೊಳೆಯುವುದು ಯಂತ್ರ, ಮಡಚುವುದು ನಾವು. ಹಾಸಿಗೆಯ ಬಟ್ಟೆಯನ್ನು ಒಬ್ಬರೇ ಮಡಚಲಾಗುವುದಿಲ್ಲ. ಒಬ್ಬಳು ಎರಡು ಮೂಲೆ ಹಿಡಿಯಬೇಕು, ಎದುರಿನವಳು ಇನ್ನೆರಡು. ಒಮ್ಮೆ ಜಾಡಿಸಿ, ಎಳೆದು, ಹತ್ತಿರ ಬಂದು ಮೂಲೆಗೆ ಮೂಲೆ ಕೊಟ್ಟು ಹಿಂದೆ ಹೋಗಬೇಕು. ದಿನಕ್ಕೆ ನಾನೂರು ಸಲ ಹೀಗೆ ಹತ್ತಿರ ಬಂದು ದೂರ ಹೋಗುತ್ತೇವೆ. ನನ್ನ ಎದುರಿನವಳನ್ನು ಎಲ್ಲರೂ ಇಸ್ತ್ರಿ ಅಕ್ಕ ಎನ್ನುತ್ತಾರೆ. ನನಗೆ ಅಲ್ಲಿ ‘ಮತ್ತೊಂದ್ಸಲ’ ಎಂದು ಹೆಸರಿಟ್ಟಿದ್ದಾರೆ, ಏಕೆಂದರೆ ಹತ್ತರ ಕಟ್ಟು ಕಟ್ಟಿದ ಮೇಲೂ ಬಿಚ್ಚಿ ಎಣಿಸುತ್ತೇನೆ. ಒಂದು ಕಡಿಮೆ ಇದ್ದರೆ? ಒಂದು ಹೆಚ್ಚಿದ್ದರೆ? ಮನೆಯಲ್ಲಿ ಒಲೆ ಆರಿಸಿದೆನೇ, ಚಿಲಕ ಹಾಕಿದೆನೇ ಎಂದು ಅರ್ಧ ದಾರಿಯಿಂದ ತಿರುಗಿ ಹೋದದ್ದು ಎಷ್ಟು ಸಲವೋ. ನಮ್ಮನೆಯವರು ಬಸ್ ಓಡಿಸುತ್ತಾರೆ. ‘ನಿನ್ನ ಹೊಟ್ಟೆಯೊಳಗೆ ಒಂದು ಹಾರ್ನ್ ಇದೆ, ರಸ್ತೆ ಖಾಲಿ ಇದ್ರೂ ಬಡ್ಕೊಳ್ತಾನೇ ಇರುತ್ತೆ’ ಅನ್ನುತ್ತಾರೆ. ನಗುತ್ತೇನೆ. ಆದರೆ ಅದು ನಿಜ.

ಇದನ್ನೆಲ್ಲ ಏಕೆ ಹೇಳುತ್ತಿದ್ದೇನೆ ಎಂದರೆ, ಹೋದ ವರ್ಷ ಆ ಹಾರ್ನ್ ನನ್ನ ಮಗಳ ಹೊಟ್ಟೆಗೂ ಹೊಕ್ಕಿತು. ಅವಳಿಗೆ ಹತ್ತು ವರ್ಷ. ಬೆಳಿಗ್ಗೆ ಶಾಲೆಯ ಹೊತ್ತಿಗೆ ಹೊಟ್ಟೆನೋವು. ಹೋಮ್‌ವರ್ಕ್ ಪುಸ್ತಕವನ್ನು ಚೀಲಕ್ಕೆ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು. ಆಮೇಲೆ ಹುಬ್ಬಿನ ಕೂದಲು ಕೀಳತೊಡಗಿದಳು. ಯಾವಾಗ ಕೀಳುತ್ತಾಳೆ ಎಂದು ಅವಳಿಗೇ ಗೊತ್ತಾಗುತ್ತಿರಲಿಲ್ಲ. ನೋಡನೋಡುತ್ತ ಎಡಗಣ್ಣಿನ ಮೇಲೆ ಒಂದು ಗೆರೆಯಷ್ಟೇ ಉಳಿಯಿತು. ನಮ್ಮ ಆಸ್ಪತ್ರೆಯ ಡಾಕ್ಟರಮ್ಮನಿಗೆ ತೋರಿಸಿದೆ. ‘ಮೈಗೆ ಏನೂ ಆಗಿಲ್ಲಮ್ಮ, ಮನಸ್ಸಿಗೆ ಬಿಡುವಿಲ್ಲ. ವಾರಕ್ಕೊಂದ್ಸಲ ಕರ್ಕೊಂಡು ಬನ್ನಿ, ಮಾತಾಡ್ಸೋಣ. ಮನೇಲಿ ಖುಷಿಯಾಗೋ ಕೆಲಸ ಏನಾದ್ರೂ ಇರ್ಲಿ’ ಎಂದರು. ನಮ್ಮ ಮನೆಯಲ್ಲಿ ಖುಷಿಯಾಗುವ ಕೆಲಸ ಯಾವುದು ಎಂದು ಯೋಚಿಸಿ ಯೋಚಿಸಿ ನನಗೆ ಇನ್ನಷ್ಟು ಗಾಬರಿಯಾಯಿತು. ನಾನು ಅವಳಿಗೆ ಬಳೆ ಕೊಡಲಿಲ್ಲ, ಮನೆ ಕೊಡಲಿಲ್ಲ, ನನ್ನ ಭಯವನ್ನು ಮಾತ್ರ ಒಂದು ಎಳೆಯೂ ಹಾಳಾಗದಂತೆ ದಾಟಿಸಿಬಿಟ್ಟೆನಲ್ಲ ಎಂದು ಇಸ್ತ್ರಿ ಅಕ್ಕನ ಮುಂದೆ ಅತ್ತೆ.

ಆಗ ಒಂದು ಪುಸ್ತಕ ಬಂತು. ನೀವು ಕಳಿಸಿದ್ದಲ್ಲ, ನಾನು ತಂದದ್ದೂ ಅಲ್ಲ. ಅವಳ ಶಾಲೆಯಲ್ಲಿ ಗ್ರಂಥಾಲಯ ಅಂದರೆ ಮಹಡಿ ಮೆಟ್ಟಿಲ ಕೆಳಗಿನ ಒಂದು ಬೀರು. ಅದರ ಬೀಗದ ಕೈ ಆಟದ ಮೇಷ್ಟ್ರ ಹತ್ತಿರ ಇತ್ತು. ಮೇಷ್ಟ್ರು ದಿನವಿಡೀ ಮೈದಾನದಲ್ಲಿ. ಹೀಗಾಗಿ ಅವರು ಬೀರು ತೆರೆದೇ ಬಿಡುತ್ತಿದ್ದರು. ಯಾರು ತೆಗೆದರು, ಯಾರು ಇಟ್ಟರು, ಕೇಳುವವರಿಲ್ಲ. ನಿಮ್ಮ ಕಣ್ಣಿಗೆ ಅದು ಬೇಜವಾಬ್ದಾರಿ. ನನ್ನ ಮಗಳಿಗೆ, ಈಗ ಯೋಚಿಸಿದರೆ, ಇಡೀ ಶಾಲೆಯಲ್ಲಿ ತನ್ನನ್ನು ಯಾರೂ ಏನೂ ಕೇಳದ ಒಂದೇ ಜಾಗ. ಅಲ್ಲಿಂದ ಅವಳು ಒಂದು ತೆಳ್ಳನೆಯ ಪುಸ್ತಕ ತಂದಳು. ಒಂದು ಕುಂಟ ಕತ್ತೆಯ ಕಥೆ. ಸಮುದ್ರದ ದಂಡೆಯ ಗುಡ್ಡದ ಮೇಲೆ ಹಡಗುಗಳಿಗೆ ದಾರಿ ತೋರಿಸುವ ದೀಪದ ಕಟ್ಟಡ ಕಟ್ಟುತ್ತಿರುತ್ತಾರೆ. ಕತ್ತೆ ಕೆಳಗಿನಿಂದ ಮೇಲಕ್ಕೆ ನೀರು ಹೊರುತ್ತದೆ. ಅದಕ್ಕೆ ಎಲ್ಲದಕ್ಕೂ ಹೆದರಿಕೆ. ಗಾಳಿಗೆ, ಹಕ್ಕಿಗೆ, ತನ್ನದೇ ನೆರಳಿಗೆ.

ಮೊದಲ ದಿನ ಅವಳು ಅದನ್ನು ಓದಿ ಮುಗಿಸಿ ಬಿಕ್ಕಿ ಬಿಕ್ಕಿ ಅತ್ತಳು. ನಾನು ಒಲೆ ಬಿಟ್ಟು ಓಡಿ ಬಂದೆ.

‘ಏನಾಯ್ತೇ? ಯಾರೇನಂದ್ರು?’

‘ಕತ್ತೆ ಸತ್ತೋಯ್ತಮ್ಮ.’

‘ಯಾವ ಕತ್ತೆ?’

‘ಪುಸ್ತಕದ್ದು.’

‘ಅಯ್ಯೋ, ಪುಸ್ತಕದ ಕತ್ತೆಗೆ ಯಾರಾದ್ರೂ ಅಳ್ತಾರಾ? ಕೊಡಿಲ್ಲಿ ಅದನ್ನ.’

‘ಬೇಡ, ಬೇಡ! ಇನ್ನೊಂದ್ಸಲ ಓದ್ಬೇಕು.’ ಮೂಗು ಒರೆಸಿಕೊಂಡು, ‘ಹಸಿವಾಗ್ತಿದೆ’ ಅಂದಳು. ತಟ್ಟೆ ಮುಂದೆ ಕೂತು ಮೂರು ಸಲ ಬಡಿಸಿಕೊಂಡು ತಿಂದಳು. ಎಷ್ಟೋ ತಿಂಗಳಲ್ಲಿ ಅಷ್ಟು ತಿಂದಿರಲಿಲ್ಲ.

ಎರಡು ತಿಂಗಳಲ್ಲಿ ಆ ಪುಸ್ತಕವನ್ನು ಹನ್ನೊಂದು ಸಲ ಓದಿದಳು. ಹನ್ನೊಂದು ಸಲವೂ ಅದೇ ಪುಟದಲ್ಲಿ ಅತ್ತಳು, ಹನ್ನೊಂದು ಸಲವೂ ಪುಟ ತಿರುಗಿಸಿ ಎದ್ದಳು. ಅಳು ತೊಳೆದುಕೊಂಡು ಹೋಗುವಂಥದ್ದೂ ಇರುತ್ತದೆ, ಒಳಗೇ ಕಟ್ಟಿಕೊಂಡು ಕೊಳೆಯುವಂಥದ್ದೂ ಇರುತ್ತದೆ ಎಂದು ನನಗೆ ಆಗ ತಿಳಿಯಲಿಲ್ಲ. ನಾನು ನೋಡಿದ್ದು ಅವಳ ಹುಬ್ಬನ್ನು. ಅಲ್ಲಿ ಸಣ್ಣಗೆ, ಕಪ್ಪಗೆ ಕೂದಲು ಮೊಳೆಯುತ್ತಿತ್ತು. ‘ಏನಿದೆ ಅದರಲ್ಲಿ ಅಷ್ಟು?’ ಎಂದು ಒಂದು ದಿನ ಕೇಳಿದೆ. ‘ಅದಕ್ಕೂ ಭಯ ಅಮ್ಮ. ಆದ್ರೂ ಹತ್ತುತ್ತೆ’ ಅಂದಳು. ಅಷ್ಟೇ.

ಅನುಮಾನ ಬಿಡಬೇಕಲ್ಲ. ಅವಳನ್ನು ಕೇಳಿ ಆ ಪುಸ್ತಕವನ್ನು ನಾಲ್ಕು ದಿನ ಕೆಲಸಕ್ಕೆ ತೆಗೆದುಕೊಂಡು ಹೋದೆ. ಊಟದ ಬಿಡುವಿನಲ್ಲಿ ಬಟ್ಟೆಯ ಮೂಟೆಗಳ ಮೇಲೆ ಕೂತು, ಬೆರಳಿಟ್ಟುಕೊಂಡು ಓದಿದೆ. ಇಸ್ತ್ರಿ ಅಕ್ಕ, ‘ಜೋರಾಗಿ ಓದೇ, ನಾನೇನು ಪಾಪ ಮಾಡಿದ್ದೀನಿ?’ ಅಂದಳು. ಜೋರಾಗಿ ಓದಿದೆ. ಅಕ್ಷರ ತಪ್ಪಿದರೆ, ‘ನೀನು ಎಣಿಸೋ ಹಾಗೇ ಓದ್ತೀಯಲ್ಲ, ಹೋದ ದಾರೀಲೇ ಮತ್ತೆ ಮತ್ತೆ’ ಎಂದು ನಗುತ್ತಿದ್ದಳು. ಅರ್ಧಕ್ಕೆ ಬಂದಿದ್ದೆವು. ಅಷ್ಟರಲ್ಲಿ ಮಗಳು, ‘ಅಮ್ಮಾ, ನನ್ನ ಪುಸ್ತಕ’ ಎಂದು ಕೈ ಚಾಚಿದಳು. ಕೊಟ್ಟೆ.

ಈಗ ನಿಮ್ಮ ಯೋಜನೆಗೆ ಬರುತ್ತೇನೆ. ಮಕ್ಕಳು ಸಂತೋಷಕ್ಕಾಗಿ ಓದಿದರೆ ಅವರ ಮನಸ್ಸು ಗಟ್ಟಿಯಾಗುತ್ತದೆ ಎಂದು ನಿಮ್ಮ ಸುತ್ತೋಲೆಯ ಮೊದಲ ಸಾಲಿನಲ್ಲಿ ಇತ್ತಂತೆ. ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿ ಓದಿ ಹೇಳಿದರು. ಆ ಸಾಲಿಗೆ ನನ್ನಷ್ಟು ಒಪ್ಪಿಗೆ ಆ ಕೋಣೆಯಲ್ಲಿ ಯಾರಿಗೂ ಇದ್ದಿರಲಾರದು. ನಮ್ಮ ಮನೆಯಲ್ಲಿ ಅದರ ಸಾಕ್ಷಿ ಇತ್ತು, ಎಡಗಣ್ಣಿನ ಮೇಲೆ ಅರ್ಧ ಬೆಳೆದಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ನಿಮಗೆ ಕೈ ಮುಗಿಯುತ್ತಿದ್ದೆ. ಆದರೆ ಸುತ್ತೋಲೆಗೆ ಎರಡನೆಯ ಸಾಲಿತ್ತು, ಅದರ ಬೆನ್ನಿಗೆ ಆನಂದ ನಮೂನೆ ಎಂಬ ಹಾಳೆ ಇತ್ತು. ಪುಸ್ತಕದ ಹೆಸರು, ಓದಿದ ಪುಟ, ತೆಗೆದುಕೊಂಡ ನಿಮಿಷ, ಕಲಿತ ನೀತಿ. ಕೊನೆಗೆ ಮೂರು ಮುಖದ ಚಿತ್ರ. ನಗುವ ಮುಖ, ಸುಮ್ಮನಿರುವ ಮುಖ, ಅಳುವ ಮುಖ. ಓದಿದ ಮೇಲೆ ಯಾವುದಾದರೂ ಒಂದಕ್ಕೆ ಗುರುತು ಹಾಕಬೇಕು. ಪಕ್ಕದಲ್ಲಿ ಪೋಷಕರ ಸಹಿ.

ಸಂತೋಷಕ್ಕೆ ಇಷ್ಟೆಲ್ಲ ಪಂಚನಾಮೆ ಬೇಕೇ ಸ್ವಾಮಿ? ನೀವು ನಕ್ಕಾಗ ಯಾರಾದರೂ ನಿಮಿಷ ಎಣಿಸಿ ಸಹಿ ಪಡೆದಿದ್ದಾರೆಯೇ? ಮಗು ಪುಸ್ತಕದೊಳಗೆ ಹೋಗಿ ಅಲ್ಲಿ ಸ್ವಲ್ಪ ಹೊತ್ತು ಇದ್ದು ಬಂದರೆ, ಬಾಗಿಲಲ್ಲೇ ತಡೆದು ‘ಏನು ತಂದೆ, ಚೀಲ ತೋರಿಸು’ ಅನ್ನುವುದು ಯಾವ ಊರಿನ ಪದ್ಧತಿ?

ನನ್ನ ಮಗಳಿಗೆ ಸುಳ್ಳು ಗೊತ್ತಿರಲಿಲ್ಲ. ಮೊದಲ ತಿಂಗಳ ಹಾಳೆಯಲ್ಲಿ ಹನ್ನೆರಡು ಗೆರೆ ಇದ್ದವು. ಕತ್ತೆಯ ಪುಸ್ತಕದ ಹೆಸರನ್ನು ಮೇಲಿನ ಗೆರೆಯಲ್ಲಿ ಬರೆದು, ಅದರ ಕೆಳಗೆ ‘ಅದೇ’, ‘ಅದೇ’, ‘ಅದೇ’ ಎಂದು ಬರೆದಿದ್ದಳು. ಕಲಿತ ನೀತಿ ಎಂಬಲ್ಲಿ ‘ಇಲ್ಲ’. ಮುಖ ಪ್ರತಿ ಸಲವೂ ಅಳುವುದು. ಅತ್ತಿದ್ದಳಲ್ಲ! ನಾನು ಪಾತ್ರೆ ಉಜ್ಜುತ್ತಿದ್ದ ಕೈ ಒರೆಸಿಕೊಂಡು, ಏನಿದೆ ಎಂದೂ ನೋಡದೆ, ಅವಳು ತುಂಬಿದ್ದ ಎಲ್ಲ ಗೆರೆಗೂ ಸಹಿ ಹಾಕಿದೆ.

ಮೂರು ವಾರಕ್ಕೆ ನಿಮ್ಮ ಕಚೇರಿಯಿಂದ ಶಾಲೆಗೆ ಪತ್ರ ಬಂತು. ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆಸಿ ಓದಿದರು. ‘ಸದರಿ ಪುಸ್ತಕವು ನಕಾರಾತ್ಮಕ ಭಾವವನ್ನು ಉಂಟುಮಾಡುತ್ತಿರುವುದು ಕಂಡುಬಂದಿರುವುದರಿಂದ ಹತ್ತು ದಿನಗಳೊಳಗೆ ಹಿಂಪಡೆಯತಕ್ಕದ್ದು. ಸದರಿ ವಿದ್ಯಾರ್ಥಿನಿಯ ಮೇಲೆ ನಿಗಾ ಇಡತಕ್ಕದ್ದು.’ ಕೆಳಗೆ ನೀಲಿ ಮುದ್ರೆ.

‘ನಿಗಾ ಅಂದ್ರೆ ಏನು ಮೇಡಂ? ಶಾಲೆಯಿಂದ ತೆಗೀತಾರಾ?’

‘ಛೇ, ಹಾಗೇನಿಲ್ಲಮ್ಮ. ಆದ್ರೂ ರೆಕಾರ್ಡಲ್ಲಿ ಬಂತಲ್ಲ. ನೀವ್ಯಾಕೆ ನೋಡ್ಕೊಂಡು ಸಹಿ ಮಾಡ್ಲಿಲ್ಲ? ನೀತಿ ಇಲ್ಲ ಅಂತ ಬರೆಯೋ ಹಾಗಿಲ್ಲ. ಏನಾದ್ರೂ ಒಂದು ಇರ್ಲೇಬೇಕು.’

ರೆಕಾರ್ಡ್ ಎಂಬ ಮಾತು ಮನೆಯ ತನಕ ನನ್ನ ಜೊತೆಗೇ ಬಂತು. ಅರ್ಧಕ್ಕೆ ಶಾಲೆ ಬಿಟ್ಟವರಿಗೆ ಮಾತ್ರ ಗೊತ್ತು, ಶಾಲೆಯಿಂದ ಹೆಸರು ಹೋಗುವುದು ಎಂದರೆ ಏನು ಎಂದು. ಮರುದಿನವೇ, ಮಗಳು ತರಗತಿಯಲ್ಲಿದ್ದಾಗ, ಅವಳ ದಿಂಬಿನ ಕೆಳಗಿದ್ದ ಪುಸ್ತಕವನ್ನು ತೆಗೆದುಕೊಂಡು, ಊಟದ ಬಿಡುವಿನಲ್ಲಿ, ಕೆಲಸದ ಏಪ್ರನ್ನಿನಲ್ಲೇ ಓಡಿದೆ. ಆಟದ ಮೇಷ್ಟ್ರು ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದರು. ಪುಸ್ತಕ ಅವರ ಕೈಗೆ ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿದರು, ನನ್ನನ್ನೂ ನೋಡಿದರು.

‘ಇನ್ನೂ ಒಂಬತ್ತು ದಿನ ಟೈಮ್ ಇತ್ತಲ್ಲಮ್ಮ.’

‘ಯಾಕೆ ಸರ್ ರಿಸ್ಕು?’

‘ಏನು ರಿಸ್ಕು? ಕಳೆದೋಯ್ತು ಅಂತ ಒಂದು ಮಾತು ಹೇಳಿದ್ರೆ ನಾನು ಹಾಗೇ ಬರ್ಕೊಳ್ತಿದ್ದೆ. ಮಗು ಹತ್ರಾನೇ ಇರ್ತಿತ್ತು. ಈಗ ನೀವು ತಂದುಕೊಟ್ಟಿದ್ದೀರ. ನಾಲ್ಕು ಜನ ನೋಡಿದ್ರು. ಕಳಿಸ್ಲೇಬೇಕು.’

ಮಾನ್ಯರೇ, ಈ ಒಂದು ಮಾತು ನನ್ನನ್ನು ದಿನಾ ತಿನ್ನುತ್ತದೆ. ನಿಮ್ಮ ಆಜ್ಞೆಯಲ್ಲಿ ಒಂದು ಕಿಂಡಿ ಇತ್ತು. ಒಬ್ಬ ಒಳ್ಳೆಯ ಮನುಷ್ಯ ಅದನ್ನು ನನಗಾಗಿ ತೆರೆದಿಡಲು ಸಿದ್ಧನಿದ್ದ. ಅವರು ತೆರೆಯುವ ಮೊದಲೇ ನಾನು ಓಡಿಹೋಗಿ ಅದನ್ನು ಮುಚ್ಚಿ ಬಂದೆ. ನನ್ನಂಥವರು ಇದ್ದಾರೆಂಬ ಧೈರ್ಯದ ಮೇಲೇ ನಿಮ್ಮಂಥ ಕಚೇರಿಗಳು ನಡೆಯುತ್ತವೆಯೇನೋ. ನೀವು ಹತ್ತು ದಿನ ಕೊಡುತ್ತೀರಿ, ನಾವು ಒಂದೇ ದಿನದಲ್ಲಿ ಮುಗಿಸಿಕೊಡುತ್ತೇವೆ.

ಸಂಜೆ ಮಗಳು ದಿಂಬು ಎತ್ತಿ ನೋಡಿದಳು. ಹಾಸಿಗೆ ಜಾಡಿಸಿದಳು. ನಾನೇ ಬಾಯಿಬಿಟ್ಟು ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. ಅತ್ತಿದ್ದರೆ ಎಷ್ಟೋ ಚೆನ್ನಾಗಿತ್ತು. ಆಮೇಲೆ ನಾನು ನನ್ನ ಜೀವನದ ಅತಿ ಕೆಟ್ಟ ಪಾಠ ಮಾಡಿದೆ.

‘ಇನ್ಮೇಲೆ ನಗೋ ಮುಖಕ್ಕೇ ಗುರುತು ಹಾಕು ಪುಟ್ಟಿ.’

‘ನಗು ಬರ್ಲಿಲ್ಲ ಅಂದ್ರೆ?’

‘ಬರ್ಲಿಲ್ಲ ಅಂದ್ರೂ.’

‘ಹಂಗಾದ್ರೆ ಪುಸ್ತಕ ಓದ್ಬೇಕಾ, ಸುಮ್ನೆ ಹಾಕಿದ್ರೆ ಸಾಕಾ?’

ನಾನು ಓದಬೇಕು ಎಂದೂ ಅನ್ನಲಿಲ್ಲ, ಸಾಕು ಎಂದೂ ಅನ್ನಲಿಲ್ಲ. ಅವಳಿಗೆ ಅರ್ಥವಾಯಿತು. ಬುದ್ಧಿವಂತೆ.

ಅಲ್ಲಿಂದ ಬೀರುವಿಗೆ ಬೀಗ ಬಿತ್ತು, ಏಕೆಂದರೆ ಈಗ ಪ್ರತಿ ಪುಸ್ತಕಕ್ಕೂ ಲೆಕ್ಕ ಕೊಡಬೇಕು. ದಿನ ಬಿಟ್ಟು ದಿನ ಮಾನಿಟರ್ ಹೆಸರು ಕೂಗಿ, ಕೈಗೆ ಸಿಕ್ಕಿದ ಪುಸ್ತಕ ಕೊಡುತ್ತಾನೆ. ನನ್ನ ಮಗಳು ಅದನ್ನು ಮನೆಗೆ ತಂದು, ಬೆನ್ನ ಮೇಲಿನ ಹೆಸರು ನೋಡಿ ಬರೆದು, ಕೊನೆಯ ಪುಟದ ನಂಬರು ನೋಡಿ ಬರೆದು, ನೀತಿಗೆ ‘ಸತ್ಯ ಹೇಳಬೇಕು’ ಎಂದು ಬರೆದು, ನಗುವ ಮುಖಕ್ಕೆ ಗುರುತು ಹಾಕಿ ನನ್ನ ಮುಂದೆ ಹಿಡಿಯುತ್ತಿದ್ದಳು. ನಲವತ್ತಾರು ಸಲ. ನಾನು ನಲವತ್ತಾರು ಸಲ ಸಹಿ ಹಾಕಿದೆ. ಈ ನಡುವೆ ಅವಳ ಕೈ ಮತ್ತೆ ಹುಬ್ಬಿಗೆ ಹೋಗತೊಡಗಿತ್ತು. ಡಾಕ್ಟರಮ್ಮ, ‘ಚೆನ್ನಾಗಿ ಬರ್ತಿತ್ತಲ್ಲ, ಏನಾಯ್ತು?’ ಎಂದು ಕೇಳಿದಾಗ ತಾಯಿ ಮಗಳು ಇಬ್ಬರೂ ನೆಲ ನೋಡಿದೆವು.

ಆಮೇಲೆ ಸಮಾರಂಭ. ನಿಮಗೆ ನೆನಪಿರಲಾರದು, ಒಂದೇ ದಿನ ಎಷ್ಟೋ ಶಾಲೆಯ ಮಕ್ಕಳು. ನಮ್ಮ ಶಾಲೆಯ ಹಾಳೆಗಳಲ್ಲಿ ಅಳುವ ಮುಖವೇ ಇಲ್ಲದಂತಾಗಿತ್ತು. ಆನಂದದ ಪ್ರಮಾಣ ಶೇಕಡ ತೊಂಬತ್ತೆಂಟು ಎಂದು ನೀವು ವೇದಿಕೆಯ ಮೇಲೆ ಓದಿದಿರಿ. ಚಪ್ಪಾಳೆ ಬಿತ್ತು. ನನ್ನ ಮಗಳನ್ನು ಕರೆದು ಮೈಕ್ ಅವಳ ಬಾಯಿಯ ಹತ್ತಿರ ಹಿಡಿದು ಕೇಳಿದಿರಿ, ‘ಇಷ್ಟು ಪುಸ್ತಕ ಓದಿದ್ದೀಯಲ್ಲ, ಯಾವುದು ತುಂಬ ಖುಷಿ ಕೊಡ್ತು ಮರಿ?’

ಅವಳು ಮೈಕನ್ನೇ ನೋಡಿದಳು. ‘ಎಲ್ಲಾ ಒಂದೇ ಥರ ಇತ್ತು ಸರ್.’

‘ಕೇಳಿದ್ರಾ? ಎಲ್ಲವೂ ಅಷ್ಟೇ ಚೆನ್ನಾಗಿತ್ತಂತೆ!’ ಎಂದಿರಿ. ಮತ್ತೆ ಚಪ್ಪಾಳೆ. ನೀವು ಕೆಟ್ಟವರಲ್ಲ ಎಂದು ನನಗೆ ಆಗಲೇ ಅನಿಸಿತು. ನಿಮ್ಮ ಮುಖದಲ್ಲಿ ನಿಜವಾಗಿಯೂ ಸಂತೋಷವಿತ್ತು. ಆದರೆ ನೀವು ಅವಳಿಂದ ಎರಡಡಿ ದೂರದಲ್ಲಿದ್ದಿರಿ, ಕನ್ನಡಕ ಹಾಕಿಕೊಂಡಿದ್ದಿರಿ. ನಿಮ್ಮ ಕೈಯಲ್ಲಿದ್ದ ಹಾಳೆಯನ್ನು ನೋಡುವ ಬದಲು ಅವಳ ಮುಖವನ್ನು ಒಂದು ಸಲ ನೋಡಿದ್ದರೆ, ಎಡಗಣ್ಣಿನ ಮೇಲೆ ಹುಬ್ಬೇ ಇಲ್ಲದಿರುವುದು ಕಾಣುತ್ತಿತ್ತು. ಮೂರು ಮುಖದ ಚಿತ್ರ ಬರೆಸಿದ ಕಚೇರಿಗೆ ಎದುರಿಗೆ ನಿಂತ ಒಂದು ಮುಖ ನೋಡಲಾಗಲಿಲ್ಲವೇ?

ಮೂರನೆಯ ಅರ್ಜಿ ವಾಪಸ್ ಬಂದ ಮೇಲೆ ರಜೆ ಹಾಕಿ ನಿಮ್ಮ ಕಚೇರಿಗೇ ಬಂದೆ. ಜೊತೆಗೆ ಇಸ್ತ್ರಿ ಅಕ್ಕ ಬಂದಿದ್ದಳು. ನನ್ನೊಬ್ಬಳನ್ನೇ ಕಳಿಸಿದರೆ ಬಾಗಿಲ ತನಕ ಹೋಗಿ ತಿರುಗಿ ಬರುತ್ತೇನೆಂದು ಅವಳಿಗೆ ಗೊತ್ತು. ನೀವು ಸಭೆಯಲ್ಲಿದ್ದಿರಿ. ಗುಮಾಸ್ತರು ಕೇಳಿದರು.

‘ಯಾವ ಪುಸ್ತಕಮ್ಮ?’

‘ಕತ್ತೇದು ಸರ್.’

‘ಕತ್ತೇದಾ?’ ಪಕ್ಕದ ಮೇಜಿನವರು ನಕ್ಕರು. ‘ಇಲ್ಲಿ ಯಾವ್ ಕತ್ತೇದು ಅಂತ ಹುಡುಕೋದು?’

ಇಸ್ತ್ರಿ ಅಕ್ಕ ಬಿಡಲಿಲ್ಲ. ‘ಹುಡುಕಿ ಸರ್, ಕುಂಟೋದು. ಉಳಿದೋರು ಕೂತಿದ್ದಾರಲ್ಲ.’

ಅದಕ್ಕೆ ಗುಮಾಸ್ತರೇ ನಕ್ಕುಬಿಟ್ಟರು. ಎದ್ದು, ಹಿಂದಿನ ಕೋಣೆಯ ಬಾಗಿಲು ತೆಗೆದು ತೋರಿಸಿದರು. ಕಿಟಕಿ ಇಲ್ಲದ ಕೋಣೆ, ಮುರಿದ ಕುರ್ಚಿಗಳು. ಗೋಡೆಯ ಪಕ್ಕ ಹಗ್ಗದಲ್ಲಿ ಬಿಗಿದು ಕಟ್ಟಿದ ಪುಸ್ತಕದ ಕಟ್ಟುಗಳು. ಒಂದೊಂದು ಕಟ್ಟಿಗೂ ಹಳದಿ ಚೀಟಿ. ಒಂದರ ಮೇಲೆ ‘ಭಯ’ ಎಂದಿತ್ತು. ಇನ್ನೊಂದರ ಮೇಲೆ ‘ದುಃಖ’. ‘ಇವೆಲ್ಲಾ ಮಕ್ಕಳಿಗೆ ಕೊಡೋ ಹಾಗಿಲ್ಲ. ಏನು ಮಾಡ್ಬೇಕು ಅಂತ ಮೇಲಿಂದ ಆರ್ಡರ್ ಬಂದಿಲ್ಲ’ ಎಂದರು. ದುಃಖದ ಕಟ್ಟಿನಲ್ಲಿ ಮೇಲಿನಿಂದ ನಾಲ್ಕನೆಯದರ ಬೆನ್ನು ನನಗೆ ಗುರುತು ಸಿಕ್ಕಿತು. ಕೈ ಚಾಚಿದೆ. ‘ಮುಟ್ಬೇಡಿ ಅಮ್ಮ, ಸೀಲ್ ಆಗಿದೆ.’

ಹಳದಿ ಚೀಟಿ ನನಗೆ ಹೊಸದಲ್ಲ. ಸೋಂಕಿನ ವಾರ್ಡಿನ ಬಟ್ಟೆಗೂ ನಾವು ಹಳದಿ ಚೀಟಿಯನ್ನೇ ಕಟ್ಟುತ್ತೇವೆ. ಅದನ್ನು ಬೇರೆ ಮೂಟೆಯಲ್ಲಿ ತರುತ್ತಾರೆ, ಬೇರೆ ಯಂತ್ರಕ್ಕೆ ಹಾಕುತ್ತೇವೆ, ಕುದಿಯುವ ನೀರಿನಲ್ಲಿ ತೊಳೆಯುತ್ತೇವೆ. ಆದರೆ ಮಾನ್ಯರೇ, ಆಮೇಲೆ ಮಡಚಿ ವಾಪಸ್ ಕಳಿಸುತ್ತೇವೆ. ಇನ್ನೊಬ್ಬ ರೋಗಿ ಅದರ ಮೇಲೆ ಮಲಗುತ್ತಾನೆ, ಗುಣವಾಗುತ್ತಾನೆ. ಕಟ್ಟಿ ಕತ್ತಲ ಕೋಣೆಯಲ್ಲಿ ಇಟ್ಟುಬಿಟ್ಟರೆ ಆಸ್ಪತ್ರೆಯಲ್ಲಿ ಹಾಸಲು ಬಟ್ಟೆ ಉಳಿಯುವುದಿಲ್ಲ. ದುಃಖ, ಭಯ ಎಂದು ಚೀಟಿ ಅಂಟಿಸಿದ ಪುಸ್ತಕಗಳನ್ನೆಲ್ಲ ತೆಗೆದುಬಿಟ್ಟರೆ, ದುಃಖ ಇರುವ ಮಗು, ಭಯ ಇರುವ ಮಗು ಯಾವುದರ ಮೇಲೆ ತಲೆಯಿಡಬೇಕು? ಸದಾ ನಗುವ ಪುಸ್ತಕವನ್ನು ಅಂಥ ಮಗುವಿನ ಕೈಗೆ ಕೊಟ್ಟರೆ ಅದಕ್ಕೆ ಅನಿಸುವುದು ಒಂದೇ, ಎಲ್ಲರೂ ಚೆನ್ನಾಗಿದ್ದಾರೆ, ನಾನೊಬ್ಬಳೇ ಹೀಗೆ ಎಂದು. ನನಗೆ ಆ ಅನಿಸಿಕೆಯ ಪರಿಚಯ ನಲವತ್ತೊಂದು ವರ್ಷದ್ದು. ಅದನ್ನು ಓದಿ ತಿಳಿದುಕೊಂಡವಳಲ್ಲ.

ಹೋದ ಭಾನುವಾರ ಮಧ್ಯಾಹ್ನ ಮನೆಯ ಬಟ್ಟೆ ಮಡಚುತ್ತಿದ್ದೆ. ಹೊದಿಕೆಯ ಎರಡು ಮೂಲೆ ಹಿಡಿಯಲು ಮಗಳನ್ನು ಕರೆದೆ. ಅವಳು ಬಂದು ಹಿಡಿದಳು. ನನಗೆ ನೆನಪಿದ್ದಷ್ಟು ಆ ಕಥೆ ಹೇಳತೊಡಗಿದೆ. ‘ಒಂದು ಕುಂಟ ಕತ್ತೆ ಇತ್ತಂತೆ. ದಿನಾ ಬೆಟ್ಟದ ಮೇಲೆ ಕಲ್ಲು ಹೊರ್ತಿತ್ತಂತೆ.’

‘ಕಲ್ಲಲ್ಲ. ನೀರು.’

‘ಹೌದಾ? ಸರಿ, ನೀರು. ಹತ್ತೋವಾಗ ಅದಕ್ಕೆ ತುಂಬಾ ಭಯ ಆಗ್ತಿತ್ತಂತೆ.’

‘ಅಯ್ಯೋ ಅಮ್ಮಾ, ಹತ್ತೋವಾಗಲ್ಲ. ಇಳಿಯೋವಾಗ. ಹತ್ತೋವಾಗ ಬೆನ್ನ ಮೇಲೆ ಭಾರ ಇರುತ್ತಲ್ಲ, ಭಯ ಗೊತ್ತಾಗಲ್ಲ. ಖಾಲಿ ಇಳಿಯೋವಾಗ್ಲೇ ಕಾಲು ನಡುಗೋದು. ನೀನು ಸರಿಯಾಗಿ ಓದೇ ಇಲ್ಲ.’

‘ನಾನು ಅರ್ಧ ತಾನೇ ಓದಿದ್ದು.’

‘ಇರು, ನಾನು ಹೇಳ್ತೀನಿ.’

ಹೊದಿಕೆಯ ಮೂಲೆ ಕೈಯಲ್ಲಿ ಹಿಡಿದುಕೊಂಡೇ ಹೇಳಿದಳು. ನಾಲ್ಕು ತಿಂಗಳಲ್ಲಿ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು. ನಮ್ಮನೆಯವರು ಬಾಗಿಲಲ್ಲಿ ಬಂದು ನಿಂತರು, ಒಳಗೆ ಬರಲಿಲ್ಲ. ಕಟ್ಟಡ ಮೇಲೇರಿತು. ಬಿರುಗಾಳಿ ಬಂತು. ಕತ್ತೆ ಕೊನೆಯ ನೀರು ಹೊತ್ತು ಮೇಲೆ ತಲುಪಿ ಮಲಗಿತು. ಅವಳ ಕಣ್ಣಲ್ಲಿ ನೀರು ಬಂತು. ನಾನು ಎಂದಿನ ಹಾಗೆ ‘ಸಾಕು ಬಿಡು’ ಅನ್ನಲು ಬಾಯಿ ತೆರೆದವಳು, ನಾಲಿಗೆ ಕಚ್ಚಿಕೊಂಡು ಸುಮ್ಮನಾದೆ.

‘ಅಲ್ಲಿಗೆ ಮುಗೀತಾ?’

‘ಇಲ್ಲ. ಅದು ಸತ್ತ ಮೇಲೆ ಇನ್ನೊಂದು ಪುಟ ಇದೆ.’

‘ಏನಿದೆ ಅದರಲ್ಲಿ?’

ಯೋಚಿಸಿದಳು. ‘ಅದು ಹೇಳೋಕೆ ಬರಲ್ಲಮ್ಮ. ನಾನೂ ನೋಡ್ಕೊಂಡೇ ಓದ್ಬೇಕು. ಅದು ಓದಿದ್ರೇನೇ ಎದ್ದು ಬರೋಕಾಗೋದು.’

ಆಮೇಲೆ ಹೊದಿಕೆ ಕೆಳಗಿಟ್ಟು ಗೋಡೆಗೆ ಮುಖ ಮಾಡಿ ಕೂತಳು. ಅಳು ನಿಲ್ಲಲಿಲ್ಲ. ಕೈ ಹುಬ್ಬಿಗೆ ಹೋಯಿತು. ಅವಳನ್ನು ಆ ಸತ್ತ ಕತ್ತೆಯ ಹತ್ತಿರ ಬಿಟ್ಟು, ಮುಂದಿನ ಪುಟವನ್ನು ಕೋಣೆಯಲ್ಲಿ ಕೂಡಿಹಾಕಿದ್ದೇವೆ, ನೀವೂ ನಾನೂ ಸೇರಿ. ನಿಮ್ಮ ನಮೂನೆಯಲ್ಲಿ ಅಳುವ ಮುಖಕ್ಕೆ ಜಾಗವಿತ್ತು. ಅತ್ತು ಮುಗಿಸಿ ಪುಟ ತಿರುಗಿಸಿ ಊಟಕ್ಕೆ ಎದ್ದು ಬರುವ ಮುಖಕ್ಕೆ ಜಾಗವಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಇದು ವಿನಂತಿಯಲ್ಲ, ವಿನಂತಿ ಮೂರು ಸಲ ಆಯಿತು. ಆ ಕೋಣೆಯ ದುಃಖದ ಕಟ್ಟಿನಲ್ಲಿ ಮೇಲಿನಿಂದ ನಾಲ್ಕನೆಯ ಪುಸ್ತಕವನ್ನು ಈ ವಾರದೊಳಗೆ ಶಾಲೆಗೆ ಕಳಿಸಿಕೊಡಿ. ಉಳಿದವನ್ನೂ ಬಿಚ್ಚಿ, ಅವುಗಳಿಗೂ ಎಲ್ಲೋ ಒಂದೊಂದು ಮಗು ಕಾಯುತ್ತಿರಬಹುದು. ಬೀರುವಿನ ಬೀಗ ತೆಗೆಸಿ, ಕೆಲವು ಪುಸ್ತಕ ಕಳೆದುಹೋಗಲಿ, ಮಕ್ಕಳ ದಿಂಬಿನ ಕೆಳಗೆ ಕಳೆದುಹೋದ ಪುಸ್ತಕ ಪೋಲಾದ ಹಾಗಲ್ಲ. ದಿನಕ್ಕೆ ಅರ್ಧ ಗಂಟೆ ಮಕ್ಕಳು ಓದಲಿ, ಬಿಡಲಿ, ಚಿತ್ರ ನೋಡಲಿ. ಆ ಅರ್ಧ ಗಂಟೆಯ ಬಗ್ಗೆ ಶಾಲೆಯಾಗಲಿ, ನಿಮ್ಮ ಕಚೇರಿಯಾಗಲಿ, ನಾನಾಗಲಿ ಏನನ್ನೂ ಕೇಳಬಾರದು ಎಂದು ಒಂದು ಸುತ್ತೋಲೆ ಹೊರಡಿಸಿ. ಮುದ್ರೆ ಬೇಕಾದರೆ ದೊಡ್ಡದೇ ಹಾಕಿ. ಇಂಥ ಆಜ್ಞೆಗೆ ನನ್ನಂಥವರು ಹೆದರಿಕೊಂಡರೂ ಒಳ್ಳೆಯದೇ.

ಆ ಪುಸ್ತಕ ಬಂದರೆ ಮೊದಲು ಅವಳೇ ಓದುತ್ತಾಳೆ. ಅತ್ತರೆ ಅಳಲಿ, ನಾನು ನಡುವೆ ಬಾಯಿ ಹಾಕುವುದಿಲ್ಲ. ಅವಳದು ಮುಗಿದ ಮೇಲೆ ನಾನು ಕೇಳಿ ಪಡೆದು, ಬೆರಳಿಟ್ಟುಕೊಂಡು, ಉಳಿದ ಅರ್ಧ ಓದುತ್ತೇನೆ. ಮುಂದಿನ ಪುಟದಲ್ಲಿ ಏನಿದೆ ಎಂದು ತಿಳಿಯಬೇಕೆಂಬ ಆಸೆ ನನಗೆ ಯಾವ ಪುಸ್ತಕದ ಮೇಲೂ ಇದುವರೆಗೆ ಹುಟ್ಟಿರಲಿಲ್ಲ. ಈಗ ಹುಟ್ಟಿದೆ. ತಡವಾಯಿತು ಎನ್ನುತ್ತೀರೋ ಏನೋ. ಬೇಗ ಕಳಿಸಿ.

ಇಂತಿ,
ಏನನ್ನೂ ಓದಿ ನೋಡದೆ ಎಲ್ಲದಕ್ಕೂ ಸಹಿ ಹಾಕಿ,
ಈ ಒಂದಕ್ಕೆ ಮಾತ್ರ ಓದಿ ಸಹಿ ಹಾಕಿರುವ ಒಬ್ಬ ತಾಯಿ